ಉಪವಾಸ ಹಿಡಿದ ಜೇಡ

"ಯಾಕ ಉಣವಲ್ದು ಇದು?"

ಸಾವಂತ್ರೆವ್ವ ಹೀಗೆ ಕೇಳಿದ್ದು ಯಾರನ್ನೂ ಅಲ್ಲ. ಪಡಸಾಲೆಯಲ್ಲಿ ಅವಳನ್ನು ಬಿಟ್ಟು ಮತ್ತೊಂದು ನರಪಿಳ್ಳೆ ಇರಲಿಲ್ಲ. ಗಂಡ ಬಸವಣ್ಣೆಪ್ಪ ಹೆಸರುಕಾಯಿ ಬಿಡಿಸಲು ಆಳುಗಳನ್ನು ಕರಕೊಂಡು ಹೊಲಕ್ಕೆ ಹೋಗಿದ್ದ. ಮಠಕ್ಕೆ ಪತ್ರಿ ಕೊಟ್ಟು ಬರುತ್ತೇನೆಂದು ಹೋದ ಅತ್ತೆ ಬಾಯವ್ವ ಅಲ್ಲೇ ಯಾರ ಜೋಡಿಯೋ ಮಾತಿಗೆ ಕುಂತಿದ್ದಳು. ಮೈದುನ ನಿಂಗರಾಜ ಮುಂಜಾನೆಯ ಬಸ್ಸಿಗೇ ಸುರೇಬಾನದಿಂದ ರಾಮದುರ್ಗಕ್ಕೆ, ತಾನು ಜೀವಶಾಸ್ತ್ರ ಕಲಿಸುವ ಕಾಲೇಜಿಗೆ, ಹೋಗಿಯಾಗಿತ್ತು. ಅವಳ ಎದುರಿಗೆ ಇದ್ದದ್ದು ಹಲಗೆಯ ಮೇಲೆ ಸಾಲಾಗಿ ಕೂಡಿಸಿದ ಗಾಜಿನ ಬಾಟಲಿಗಳು. ಒಂದೊಂದರ ಬಾಯಿಗೂ ಹಳೇ ಧೋತರದ ತೆಳು ಅರಿವೆ ಕಟ್ಟಿ, ಒಳಗೆ ಒಂದು ಒಣ ಕಡ್ಡಿ, ಒಂದು ಜೇಡ.

ಜಂತಿಗೆ ಬಲೆ ಕಟ್ಟಿ ತಲೆಕೆಳಗಾಗಿ ತೂಗುವ ಜಾತಿಯವಲ್ಲ ಇವು. ಬಲೆಯ ಗೊಡವೆಗೇ ಹೋಗದೆ ನೆಲದ ಮೇಲೆ ಓಡಾಡಿ ಬೇಟೆ ಹಿಡಿಯುವಂಥವು. ಎರೆಮಣ್ಣಿನ ಬಣ್ಣ, ಮೈತುಂಬ ಕೂದಲು. ಹೆಣ್ಣಾದರೆ ತತ್ತಿಯ ಬಿಳಿ ಗಂಟನ್ನು ಹಿಂದೆ ಕಟ್ಟಿಕೊಂಡು, ಸಂತೆ ಮುಗಿಸಿ ಬಸ್ಸಿಗೆ ಓಡುವ ಹೆಣ್ಣುಮಗಳ ಹಾಗೆ ಅವಸರ ಮಾಡುತ್ತಿತ್ತು. ನಿಂಗರಾಜ ಇವನ್ನೆಲ್ಲ ನವಿಲುತೀರ್ಥದ ಅಣೆಕಟ್ಟಿನ ಕೆಳಗೆ, ಕಾಲುವೆಯ ದಂಡೆಯ ಹುಲ್ಲಿನಲ್ಲಿ ಮೊಣಕಾಲೂರಿ ಹಿಡಿದು ತಂದವನು. ಹಗಲು ಅವನು ಮನೆಯಲ್ಲಿ ಇರುತ್ತಿರಲಿಲ್ಲವಾಗಿ ಅವುಗಳ ಊಟ ಉಪಚಾರ ಅತ್ತಿಗೆಯ, ಅವನ ಬಾಯಲ್ಲಿ ವೈನಿಯ, ಪಾಲಿಗೆ ಬಂದಿತ್ತು. ದನ ಮೇಯುವ ಗ್ವಾದಲಿಯ ಹತ್ತಿರ ಲೋಟ ಬೋರಲು ಹಾಕಿ ನೊಣ ಹಿಡಿದು, ಅರಿವೆಯ ಸಂದಿಯಿಂದ ಬಾಟಲಿಗೊಂದರಂತೆ ಬಿಡುವಳು. ಬಿಟ್ಟ ಮರುಕ್ಷಣ ಜೇಡ ಹಾರಿ ಹಿಡಿಯುವುದನ್ನು ನೋಡುತ್ತಾ ನಿಲ್ಲುವಳು.

ಅದರಲ್ಲಿ ಒಂದು ಜೇಡ ಮಾತ್ರ ಕೆಲದಿನದಿಂದ ಬಾಯಿ ಹಚ್ಚಿರಲಿಲ್ಲ. ಈ ಹೊತ್ತು ಬಿಟ್ಟ ನೊಣ ಅದರ ಮುಂದೆ ತಿರುಗಾಡಿತು, ಕಾಲಿನ ಮೇಲೆ ಕಾಲಿಟ್ಟು ದಾಟಿಹೋಯಿತು. ಜೇಡ ಒಂದು ಕಾಲನ್ನು ಸ್ವಲ್ಪ ಒಳಗೆ ಎಳೆದುಕೊಂಡಿತು, ಅಷ್ಟೇ.

ಈ ಬಾಟಲಿಗಳ ಹಿಂದೆ ನಿಂಗರಾಜನ ಹಲವು ವರ್ಷ ಇದ್ದವು. ಒಮ್ಮೆ ಅದೇ ಕಾಲುವೆಯ ದಂಡೆಯಲ್ಲಿ ಅವನಿಗೆ ಗೂನುಬೆನ್ನಿನ ಸಣ್ಣ ನೊಣವೊಂದು ಸಿಕ್ಕಿತ್ತು. ತಲೆ ಎಲ್ಲಿದೆಯೆಂದು ಹುಡುಕಬೇಕು, ಅಂಥದು. ಧಾರವಾಡದಲ್ಲಿ ಅವನ ಪಿಎಚ್‌ಡಿಯ ಗುರುಗಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಇಂಥವು ಜೇಡನ ಹೊಟ್ಟೆಯೊಳಗೆ ಬೆಳೆಯುತ್ತವೆ ಎಂದು ಪುಸ್ತಕದಲ್ಲಿದೆ, ಆದರೆ ಹುಲ್ಲಿನ ಮೇಲೆ ಸಿಕ್ಕ ನೊಣ ಯಾವ ಜೇಡನದೆಂದು ಯಾರು ಹೇಳಬೇಕು, ಜೇಡನಿಂದಲೇ ಹೊರಬಂದದ್ದನ್ನು ಅದರ ಸಿಪ್ಪೆಯ ಸಮೇತ ತಂದರೆ ಮುಂದಿನ ಮಾತು ಎಂದಿದ್ದರು. ಆ ಮೊದಲಿನ ನೊಣವನ್ನೂ ಇರುವೆ ತಿಂದು ಹಾಕಿತು. ಅಂದಿನಿಂದ ನಿಂಗರಾಜ ಜೇಡ ತರುವುದು, ಸಾಕುವುದು, ಅವು ಮುದಿಯಾಗಿ ಸಾಯುವುದು, ಮತ್ತೆ ತರುವುದು. ಒಂದರಿಂದಲೂ ಏನೂ ಹೊರಬಂದಿರಲಿಲ್ಲ. ಒಂದು ನೊಣ, ಒಂದೇ ಒಂದು, ಬಂದರೆ ಸಾಕು, ಅದನ್ನು ಸೂಜಿಗೆ ಚುಚ್ಚಿ ಒಯ್ದುಕೊಟ್ಟರೆ ತನ್ನ ಓದು ದಡ ಹತ್ತುತ್ತದೆ ಎಂದು ವೈನಿಯ ಮುಂದೆ ಅವನು ಎಷ್ಟೋ ಸಲ ಹೇಳಿಕೊಂಡಿದ್ದ. ಓಣಿಯವರಿಗೆ ಇದೊಂದು ನಗೆಯ ಮಾತು. "ಹೆಣ್ಣ ನೋಡಾಕ ಹೋಗಪಾ ಅಂದ್ರ ನಿಮ್ಮ ಮೈದುನ ಜ್ಯಾಡ ನೋಡಾಕ ಹೋಗ್ತಾನಲ್ಲವಾ" ಎಂದು ಎದುರುಮನೆಯ ದೇವಕ್ಕ ನೀರು ತರುವಾಗಲೆಲ್ಲ ಚುಚ್ಚುವಳು.

ಸಾವಂತ್ರೆವ್ವ ನಗುತ್ತಿರಲಿಲ್ಲ, ಉತ್ತರವನ್ನೂ ಕೊಡುತ್ತಿರಲಿಲ್ಲ. ಅವಳು ಮಾತಿಗಿಂತ ಕೇಳುವುದರಲ್ಲಿ ಬೆಳೆದವಳು. ತವರಿನಲ್ಲಿ ಅಪ್ಪ ಅಂದಾನೆಪ್ಪ ದೀಪ ಹಚ್ಚಿದ ಮೇಲೆ ಶರಣರ ಪುರಾಣ ಬಿಚ್ಚಿಕೊಂಡು ಕುಳಿತು ರಾಗವೆತ್ತಿ ಪದ್ಯ ಓದುವನು. ಮಗಳು ಬತ್ತಿ ಹೊಸೆಯುತ್ತಾ ಕೇಳುವಳು. ಪದ್ಯ ಓದಿ ಮುಗಿದೊಡನೆ ಅವನು ಸ್ವಲ್ಪ ಹೊತ್ತು ಸುಮ್ಮನಾಗುವನು. ಅರ್ಥ ಹೇಳುವುದು ಅದಾದ ಮೇಲೆ. ಆ ಸುಮ್ಮನಿರುವ ಹೊತ್ತೇ ಅವಳಿಗೆ ಎಲ್ಲಕ್ಕಿಂತ ರುಚಿ. ಈಗ ಏನಾಗುತ್ತದೆ, ಯಾರು ಬಂದರು, ಆ ಮಾತಿನ ಒಳಗೆ ಏನಿದೆ ಎಂದು ಜೀವ ತುದಿಗಾಲ ಮೇಲೆ ನಿಲ್ಲುವುದು. ಬಾಟಲಿಗಳ ಮುಂದೆ ನಿಂತಾಗಲೂ ಅವಳಿಗೆ ಹಾಗೇ ಆಗುತ್ತಿತ್ತು.

ಆ ವರ್ಷ, ತೊಂಬತ್ತೆಂಟರ ಶ್ರಾವಣದಲ್ಲಿ, ಮಠದ ಪುರಾಣಕ್ಕೆ ಬಂದ ಶಾಸ್ತ್ರಿಗಳ ಮಧ್ಯಾಹ್ನದ ಪ್ರಸಾದ ಇವರ ಮನೆಯಲ್ಲೇ. ಪುರಾಣಿಕರಿಗೆ ಅಡುಗೆಯಾಗುವ ಮನೆಯಲ್ಲಿ ಪುರಾಣ ಮುಗಿದು ಮಂಗಲವಾಗುವ ತನಕ ಒಂದು ಹುಳವನ್ನೂ ಕೊಲ್ಲಬಾರದೆಂಬುದು ಬಾಯವ್ವನ ಅತ್ತೆಯ ಕಾಲದಿಂದ ನಡೆದುಬಂದ ನೇಮ. ಬೆಲ್ಲಕ್ಕೆ ಮುತ್ತಿದ ಇರುವೆಯನ್ನು ಅರಿವೆಯಿಂದ ಒರೆಸಿ ಹಿತ್ತಲಿಗೆ ಬಿಡುವುದು. ಗುಂಗಾಡು ಕಡಿದರೆ ಬಡಿಯದೆ ಬೇವಿನ ಹೊಗೆ ಹಾಕುವುದು. ಜೇಡಗಳಿಗೆ ನೊಣ ಹಾಕುವ ವಿಷಯದಲ್ಲಿ ಮಾತ್ರ ಅತ್ತೆ ಸೊಸೆಯರ ನಡುವೆ ಸಣ್ಣ ವಾದ ನಡೆದು, ಹಾಕುವುದು ನಮ್ಮ ಕೈ, ತಿನ್ನುವುದು ಅದರ ಕರ್ಮ ಎಂದು ದೇವಕ್ಕ ತೀರ್ಪು ಕೊಟ್ಟಿದ್ದಳು. ಬಾಯವ್ವ ಆ ತೀರ್ಪನ್ನು ಅರೆಮನಸ್ಸಿನಿಂದ ಒಪ್ಪಿಕೊಂಡಿದ್ದಳು.

ಈಗ ಜೇಡವೇ ತಿನ್ನುವುದನ್ನು ಬಿಟ್ಟಿತು. ನೊಣ ಕಾಲು ತುಳಿದು ಹೋದರೂ ಬಿಟ್ಟ ದಿನವಂತೂ ಶ್ರಾವಣ ಸೋಮವಾರ. ಮರುದಿನ ಸಾವಂತ್ರೆವ್ವ ನೋಡುವಷ್ಟರಲ್ಲಿ ಅದು ಬಾಟಲಿಯ ಮೂಲೆಯಲ್ಲಿ ಕುಳಿತು, ತನ್ನ ಸುತ್ತ ನೂಲು ಸುತ್ತಿಕೊಳ್ಳಲು ಹತ್ತಿತ್ತು. ಬಲೆ ಕಟ್ಟದ ಜಾತಿ, ಆದರೂ ನೂಲು. ಸಂಜೆಯೊಳಗೆ ಒಂದು ಬಿಳಿ ಗವಿಯಾಯಿತು. ಒಳಗೆ ಜೇಡ ಕಾಲುಗಳನ್ನೆಲ್ಲ ಮಡಚಿಕೊಂಡು ಕುಳಿತದ್ದು ಮಂಜಿನಾಚೆ ಕಂಡ ಹಾಗೆ ಕಾಣುತ್ತಿತ್ತು.

ದೇವಕ್ಕ ನೋಡಿದವಳೇ, "ಉಪಾಸ ಹಿಡದೈತವಾ. ನೋಡ, ಗವಿ ಕಟ್ಟಿಕೊಂಡ ಕುಂತೈತಿ" ಎಂದಳು. ಅವಳು ತಮಾಷೆಗೆ ಅಂದಳೋ ನಿಜವಾಗಿ ಅಂದಳೋ, ಬಾಯವ್ವನಿಗೆ ಅದು ನಿಜವೇ ಆಯಿತು. ಆ ಮುದುಕಿ ಬಾಟಲಿಯನ್ನು ಎರಡೂ ಕೈಯಿಂದ ಎತ್ತಿ, ಮೂರು ಬೆರಳ ಇಬತ್ತಿ ಎಳೆದು, ಒಯ್ದು ದೇವರ ಜಗಲಿಯ ಮೇಲೆ ಇಟ್ಟಳು. ಇನ್ನು ಮೈತೊಳೆದು ಇಬತ್ತಿ ಹಚ್ಚಿದವರೇ ಅದನ್ನು ಮುಟ್ಟಬೇಕೆಂದು ಕಟ್ಟಪ್ಪಣೆಯಾಯಿತು. ನಿಂಗರಾಜ ಸಂಜೆ ಬಂದು ಇದನ್ನು ಕಂಡು ಹುಬ್ಬೇರಿಸಿದ. ಜೇಡಗಳು ಸಿಪ್ಪೆ ಕಳಚುವ ಮೊದಲು ಹೀಗೆ ಮನೆ ಕಟ್ಟಿಕೊಳ್ಳುವುದುಂಟು, ಆಗ ಊಟವನ್ನೂ ಬಿಡುತ್ತವೆ, ಹಾಗೇ ಇರಲಿ ಎಂದು ವೈನಿಯ ಕಿವಿಯಲ್ಲಿ ಹೇಳಿದ.

ಮರುದಿನ ಶಾಸ್ತ್ರಿಗಳು ಪ್ರಸಾದಕ್ಕೆ ಬಂದಾಗ ಬಾಯವ್ವ ಬಾಟಲಿಯನ್ನು ತೋರಿಸಿದಳು. ಶಾಸ್ತ್ರಿಗಳು ಹಾಸ್ಯದ ಮನುಷ್ಯ, ಆದರೆ ಯಾರ ಭಕ್ತಿಯನ್ನೂ ಹಾಸ್ಯ ಮಾಡುವವರಲ್ಲ. ಬಗ್ಗಿ ನೋಡಿದರು, ಕೈಮುಗಿದರು. ಆ ಸಂಜೆ ಪುರಾಣದಲ್ಲಿ ಕೀಟ ಭ್ರಮರದ ದೃಷ್ಟಾಂತ ಬಂತು. ಭ್ರಮರ ಒಂದು ಕೀಟವನ್ನು ತಂದು ಮಣ್ಣಿನ ಗೂಡಿನಲ್ಲಿ ಇಡುತ್ತದೆ, ಕೀಟ ಹಗಲಿರುಳು ಭ್ರಮರವನ್ನೇ ನೆನೆಯುತ್ತ ಕಡೆಗೆ ತಾನೇ ಭ್ರಮರವಾಗಿ ರೆಕ್ಕೆ ಬಿಚ್ಚಿ ಹಾರುತ್ತದೆ, ಭಕ್ತ ಶಿವನನ್ನು ನೆನೆದು ಶಿವನೇ ಆಗುವುದೂ ಹೀಗೇ ಎಂದು ಹೇಳಿ, ನಿಮ್ಮೂರಿನಲ್ಲೇ ಒಂದು ಮನೆಯ ಜಗಲಿಯ ಮೇಲೆ ಜೇಡವೊಂದು ಗವಿಯೊಳಗೆ ಕುಳಿತಿದೆ ಎಂದೂ ಸೇರಿಸಿದರು. ಗವಾಯಿ ಪೇಟಿಯ ಮೇಲೆ ಒಂದು ಸುತ್ತು ಸ್ವರ ಎಳೆದ. ಹೆಣ್ಣುಮಕ್ಕಳ ಸಾಲಿನಲ್ಲಿ ತಲೆಗಳೆಲ್ಲ ಸಾವಂತ್ರೆವ್ವನ ಕಡೆಗೆ ತಿರುಗಿದವು. ಅವಳು ಸೆರಗು ಎಳೆದುಕೊಂಡು ತಲೆ ತಗ್ಗಿಸಿದಳು. ಒಳಗೊಳಗೆ ಹಿಗ್ಗಾಯಿತು, ಸುಳ್ಳಲ್ಲ.

ಮುಂದಿನ ಎರಡು ದಿನ ಮನೆಗೆ ಜನ ಬಂದದ್ದೇ ಬಂದದ್ದು. ಒಬ್ಬಳು ಹೂ ತಂದಳು, ಒಬ್ಬಳು ಎಣ್ಣೆ ತಂದಳು. ಸಿರಸಂಗಿಯ ಬೀಗರ ಪೈಕಿ ಬಂದ ಹಿರಿಯರೊಬ್ಬರು ಚಸ್ಮಾ ಏರಿಸಿ ಬಹಳ ಹೊತ್ತು ನೋಡಿ, ಒಳಗೆ ಏನೂ ಕಾಣುವುದಿಲ್ಲ, ಆದರೆ ತೇಜ ಇದೆ ಎಂದರು.

ಜನ ಕರಗಿದ ಮೇಲೆ, ಒಂದು ಮುಂಜಾನೆ ಪೂಜೆ ಮುಗಿಸಿ, ಸಾವಂತ್ರೆವ್ವ ಬಾಟಲಿಯನ್ನು ಮೆಲ್ಲಗೆ ಬೆಳಕಿಂಡಿಯ ಎದುರಿಗೆ ಹಿಡಿದಳು. ಬಿಸಿಲು ನೂಲಿನ ಗವಿಯನ್ನು ತೂರಿ ಆಚೆ ಬಂತು. ಗವಿಯೊಳಗೆ ಇಬ್ಬರಿದ್ದರು.

ಒಂದು ಜೇಡ. ಆದರೆ ಅದರ ಹೊಟ್ಟೆ ಗಾಳಿ ಹೋದ ಚೀಲದ ಹಾಗೆ ಬತ್ತಿ ಕುಸಿದಿತ್ತು. ಅದರ ಪಕ್ಕದಲ್ಲಿ ಬೆಣ್ಣೆಯ ಬಣ್ಣದ, ಕಾಲಿಲ್ಲದ, ತಲೆಯ ಕಡೆಗೆ ಚೂಪಾದ ಒಂದು ಹುಳ. ಜೇಡನ ಹೊಟ್ಟೆ ಎಷ್ಟು ಬತ್ತಿತ್ತೋ ಅದು ಅಷ್ಟು ತುಂಬಿಕೊಂಡಿತ್ತು. ಅವಳು ನೋಡುತ್ತಿರುವಾಗಲೇ ಹುಳ ಒಮ್ಮೆ ಮೈ ಮುರಿಯಿತು. ಜೇಡ ಅಲುಗಲಿಲ್ಲ.

ಸಾವಂತ್ರೆವ್ವ ಬಾಟಲಿಯನ್ನು ಮತ್ತೆ ಜಗಲಿಗೆ ಇಟ್ಟು, ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯಲು ಹತ್ತಿದಳು. ಬಡಿದದ್ದು ರೊಟ್ಟಿಯೋ ಮತ್ತೇನೋ, ಅವಳಿಗೆ ಧ್ಯಾನವಿಲ್ಲ. ಅತ್ತೆಗೆ ಹೇಳಿದಾಗ ಬಾಯವ್ವ, ತನಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ನೋಡಲೂ ಒಲ್ಲೆ, ಜಗಲಿ ಏರಿದ್ದು ಮಂಗಲದ ತನಕ ಇಳಿಯುವುದಿಲ್ಲ ಎಂದು ಜಪಕ್ಕೆ ಕುಳಿತುಬಿಟ್ಟಳು.

ನಿಂಗರಾಜ ಸಂಜೆ ಬಸ್ಸು ಇಳಿದು ಬರುವುದನ್ನೇ ಕಾದು, ಬಾಗಿಲಲ್ಲೇ ಹೇಳಿದಳು. ಅವನು ಚಪ್ಪಲಿ ಬಿಟ್ಟದ್ದು ಒಂದು ಅಂಗಳದಲ್ಲಿ, ಒಂದು ಕಟ್ಟೆಯ ಮೇಲೆ. ಹಂಡೆಯ ತಣ್ಣೀರನ್ನೇ ಮೈಮೇಲೆ ಸುರುವಿಕೊಂಡು, ಹಣೆಗೆ ಇಬತ್ತಿ ಎಳೆದು, ಭೂತಗನ್ನಡಿ ಹಿಡಿದು ಜಗಲಿಯ ಮುಂದೆ ಕುಳಿತ. ಎಷ್ಟು ಹೊತ್ತಾದರೂ ಏಳಲಿಲ್ಲ. ಏಳುವಾಗ ಕಣ್ಣು ಒರೆಸಿಕೊಂಡ.

"ಯಾವ ಹುಳದ ಮರಿ ಅದು?" ಎಂದು ಸಾವಂತ್ರೆವ್ವ ಕೇಳಿದಳು.

"ನೊಣದ್ದು, ವೈನಿ."

"ಜ್ಯಾಡ ನೊಣ ತಿಂತೈತಿ. ನೊಣ ಜ್ಯಾಡ ತಿಂತೈತೇನು?"

"ಈ ಬೆಡಗಿನ ನೊಣ ತಿಂತೈತಿ."

ಬೆಡಗು ಎಂದರೆ ಅವಳಿಗೆ ಬೇರೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಹೆಣ್ಣು ಕೊಟ್ಟು ತರುವಾಗ ಮೊದಲು ಕೇಳುವ ಮಾತೇ ಅದು: ಯಾವ ಬೆಡಗು, ಯಾವ ಮನೆತನ. ನಿಂಗರಾಜ ಕಾಲೇಜಿನಲ್ಲಿ ಯಾವ ಮಾತಿನಿಂದ ಹೇಳುತ್ತಿದ್ದನೋ, ವೈನಿಗೆ ಮಾತ್ರ ಹೀಗೆ ಹೇಳಿದ. ಎರಡೇ ರೆಕ್ಕೆ ಇದ್ದು, ರೆಕ್ಕೆಯ ಹಿಂದೆ ತೂಕ ಹಿಡಿಯಲು ಎರಡು ಸಣ್ಣ ಗುಂಡಿಯಂಥವು ಇದ್ದರೆ ಅದು ನೊಣದ ಕುಲ. ಮನೆಯ ನೊಣ, ದನದ ನೊಣ, ಗುಂಗಾಡು, ಎಲ್ಲ ಒಂದೇ ಕುಲದವು. ಗೋಡೆಗೆ ಮಣ್ಣಿನ ಗಡಿಗೆ ಮೆತ್ತುವ ಕುಂಬಾರಹುಳವೂ ಜೇಡವನ್ನು ಹಿಡಿದು ಒಯ್ಯುತ್ತದೆ, ಆದರೆ ಅದಕ್ಕೆ ನಾಲ್ಕು ರೆಕ್ಕೆ, ಅದರ ಕುಲವೇ ಬೇರೆ. ಇನ್ನು ನೊಣದ ಕುಲದೊಳಗೂ ಜೇಡನ ತಂಟೆಗೆ ಹೋಗುವವು ಹಲವು. ಕೆಲವು ಜೇಡನ ತತ್ತಿಯ ಗಂಟಿಗೆ ಕನ್ನ ಹಾಕಿ ತತ್ತಿ ತಿಂದು ಹೋಗುತ್ತವೆ, ತಾಯಿಯನ್ನು ಮುಟ್ಟುವುದಿಲ್ಲ. ಅವುಗಳ ಬೆಡಗಿನಲ್ಲಿ ಒಂದೆರಡು ಮನೆತನ ಮಾತ್ರ ಆ ದಾರಿ ಹಿಡಿದಿವೆ, ಉಳಿದವಕ್ಕೆ ಬೇರೆ ಉದ್ಯೋಗ. ಆದರೆ ಈ ಸಣ್ಣತಲೆಯ ನೊಣಗಳದ್ದು ಹಾಗಲ್ಲ. ತಿಳಿದಮಟ್ಟಿಗೆ ಇಡೀ ಬೆಡಗೇ ಜೇಡನ ಒಳಗೆ ಬೆಳೆಯುವಂಥದು. ಕೆಲವು ಮನೆತನ ಬಿಲದಲ್ಲಿರುವ ದೊಡ್ಡ ಜೇಡಗಳನ್ನು ಹಿಡಿಯುತ್ತವೆ, ಕೆಲವು ಹೀಗೆ ಓಡಾಡುವ ಸಣ್ಣವನ್ನು.

"ಹಂಗಾರ ಇಂವ ಮನಿ ಅಳ್ಯಾ ಅನ್ನು" ಎಂದಳು ಸಾವಂತ್ರೆವ್ವ.

ನಿಂಗರಾಜ ಎಷ್ಟೋ ದಿನದ ಮೇಲೆ ಮನಸಾರೆ ನಕ್ಕ. ಆಮೇಲೆ, ಆ ಮನೆಅಳಿಯ ಎಲ್ಲಿ ಇಳಿದುಕೊಂಡಿರುತ್ತಾನೆ ಎಂಬುದನ್ನೂ ಹೇಳಿದ. ಜೇಡನ ಹೊಟ್ಟೆಯ ಕೆಳಗೆ ಉಸಿರಾಡುವ ಚೀಲವಿರುತ್ತದೆ, ಪುಸ್ತಕದ ಹಾಳೆಗಳನ್ನು ಜೋಡಿಸಿಟ್ಟ ಹಾಗೆ. ಮರಿಹುಳ ಅಲ್ಲಿ ಹೋಗಿ, ಜೇಡನ ಉಸಿರಿನಲ್ಲೇ ಉಸಿರಾಡುತ್ತ, ತಿಂಗಳುಗಟ್ಟಲೆ ಸುಮ್ಮನೆ ಕೂಡುತ್ತದೆ. ಜೇಡ ಬೇಟೆಯಾಡುತ್ತದೆ, ಉಣ್ಣುತ್ತದೆ, ಬೆಳೆಯುತ್ತದೆ, ಅದಕ್ಕೆ ಏನೂ ಗೊತ್ತಿಲ್ಲ. ಒಂದು ದಿನ ಹುಳ ಏಳುತ್ತದೆ. ಕೆಲವೇ ದಿನಗಳಲ್ಲಿ ಒಳಗಿನದೆಲ್ಲ ಮುಗಿಸುತ್ತದೆ. ಅದಕ್ಕೂ ಮೊದಲು ಜೇಡ ಊಟ ಬಿಟ್ಟು, ಸಿಪ್ಪೆ ಕಳಚುವಾಗ ಕಟ್ಟುವಂಥ ನೂಲಿನ ಮನೆ ಕಟ್ಟುತ್ತದೆ. ಹುಳ ಹೊರಗೆ ಬಂದು ಕೋಶವಾಗುವುದು ಆ ಮನೆಯಲ್ಲೇ.

ಸಾವಂತ್ರೆವ್ವ ಕೇಳುತ್ತ ಕೇಳುತ್ತ ಪುರಾಣದಲ್ಲಿ ಹೂಂಗುಟ್ಟುವಂತೆ ಹೂಂಗುಟ್ಟುತ್ತಿದ್ದಳು. ಇಲ್ಲಿಗೆ ಬಂದಾಗ ಅವಳ ಹೂಂ ನಿಂತಿತು.

"ಅದರ ಉಸಿರಿನೊಳಗ ಹೋಗಿ ಕುಂತಿದ್ದು ಹೆಂಗ?"

ಪುಸ್ತಕದಲ್ಲಿ ಇದ್ದದ್ದನ್ನು ಅವನು ಹೇಳಿದ. ಹೆಣ್ಣುನೊಣ ಒಣಗಿದ ಕಡ್ಡಿಯ ಮೇಲೆ ಮಸಿಯ ಚುಕ್ಕೆಯ ಹಾಗೆ ರಾಶಿ ರಾಶಿ ತತ್ತಿ ಇಡುತ್ತದಂತೆ. ಅದರಿಂದ ಬಂದ ಮರಿ ಕಣ್ಣಿಗೆ ಕಾಣದಷ್ಟು ಸಣ್ಣದು, ಬಾಲದ ಮೇಲೆ ನೆಟ್ಟಗೆ ನಿಂತು ದಾರಿ ಕಾಯುತ್ತದಂತೆ. ಜೇಡ ಹತ್ತಿರ ಹಾಯ್ದರೆ ಹಾರಿ ಕಾಲು ಹಿಡಿದು, ಏರಿ, ಸಂದಿನಲ್ಲಿ ಕೊರೆದು ಒಳಗೆ ಹೋಗುತ್ತದಂತೆ.

"ಅಂತ, ಅಂತ ಅಂತೀ. ಕಂಡವರ ಯಾರು?"

"ಪರದೇಶದವರು ಕಂಡಾರ, ಅವರ ಕಡೀ ನೊಣದ್ದು. ನಮ್ಮ ಕಡೀದ ಕಂಡವರ ನನಗಂತೂ ಗೊತ್ತಿಲ್ಲ, ವೈನಿ."

ಮರುದಿನ ಶಾಸ್ತ್ರಿಗಳು ಉಂಡು ಎಲೆಯಡಿಕೆ ಮೆಲ್ಲುವಾಗ, ಸಾವಂತ್ರೆವ್ವ ಕಂಬದ ಮರೆಯಲ್ಲಿ ನಿಂತು ಬಾಯಿ ತೆರೆದಳು. ಆ ಮನೆಗೆ ಸೊಸೆಯಾಗಿ ಬಂದಮೇಲೆ ಪುರಾಣಿಕರಿಗೆ ಅವಳು ಕೇಳಿದ ಮೊದಲ ಪ್ರಶ್ನೆ ಅದು. ಜೇಡ ಯಾರನ್ನೂ ನೆನೆಯುತ್ತ ಕುಳಿತಿರಲಿಲ್ಲ, ಒಳಗೆ ಇದ್ದವನು ಉಂಡು ಹೊರಗೆ ಬಂದಿದ್ದಾನೆ. ಹಾಗಾದರೆ ಮಣ್ಣಿನ ಗೂಡಿನ ಕೀಟವನ್ನೂ ಭ್ರಮರದ ಮರಿ ತಿಂದೇ ಹೊರಗೆ ಬರುತ್ತದೇನು ಎಂದಳು. ಬಾಯವ್ವನ ಕೈಯಲ್ಲಿಯ ಜಪದ ಮಣಿಗಳು ಅಲ್ಲೇ ನಿಂತವು. ಶಾಸ್ತ್ರಿಗಳು ಎಲೆಯನ್ನು ಒಂದು ದವಡೆಗೆ ಸರಿಸಿದರು.

"ತಾಯೀ, ದೃಷ್ಟಾಂತ ನಮ್ಮ ಸಲುವಾಗಿ ಐತ್ರಿ, ಹುಳದ ಸಲುವಾಗಿ ಅಲ್ಲ. ಹುಳದ ಮಾತ ನನಗ ತಿಳೀದು. ನೀವ ನೋಡಿ ನನಗ ಹೇಳ್ರಿ."

ನಗುತ್ತ ಹೇಳಿದ ಮಾತು. ಆದರೆ ನೋಡಿ ಹೇಳ್ರಿ ಎಂದು ಅವಳಿಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ.

ಹುಳ ಗವಿಯೊಳಗೇ ಗಟ್ಟಿಯಾಗಿ, ಬೆನ್ನು ಬಾಗಿಸಿಕೊಂಡ ಕಂದು ಕೋಶವಾಯಿತು. ಸಾವಂತ್ರೆವ್ವ ಹೆಸರುಕಾಯಿ ಬಡಿಯುವಾಗ, ಎಮ್ಮೆ ಹಿಂಡುವಾಗ, ಮಠದಲ್ಲಿ ಪದ್ಯ ಏರುವಾಗ ಕೂಡ ಅದರ ಮೇಲೇ ಮನಸ್ಸು. ಕೋಶ ದಿನದಿಂದ ದಿನಕ್ಕೆ ಕಪ್ಪೇರಿತು. ಪುರಾಣದ ಮಂಗಲಕ್ಕೆ ಒಂದು ವಾರ ಉಳಿದಿದ್ದಾಗ ಒಂದು ಮುಂಜಾನೆ, ಜಗಲಿಗೆ ಕೈಮುಗಿದು ಕಣ್ಣು ತೆರೆದರೆ, ನೂಲಿನ ಗವಿಯ ಮೇಲೆ ಅದು ಕುಳಿತಿತ್ತು.

ಅಂಥ ಪ್ರಾಣಿಯನ್ನು ಅವಳು ಕಂಡೇ ಇರಲಿಲ್ಲ. ಬೆನ್ನು ಮೂಟೆ ಹೊತ್ತ ಹಮಾಲನ ಹಾಗೆ ಎತ್ತರಕ್ಕೆ ಉಬ್ಬಿ, ತಲೆ ಅದರ ಕೆಳಗೆ ಜೋಳದ ಕಾಳಿಗಿಂತ ಸಣ್ಣದಾಗಿ ಅಡಗಿತ್ತು. ತಲೆಯೆಂದರೆ ಬರೀ ಕಣ್ಣು, ಎರಡೂ ಕಣ್ಣು ಕೂಡಿ ಒಂದಾಗಿದ್ದವು. ಹೊಟ್ಟೆ ಕಂದೀಲಿನ ಗಾಜಿನಂತೆ ದುಂಡಗೆ, ಕಪ್ಪಿನ ಮೇಲೆ ಬಿಳಿ ಪಟ್ಟೆ. ರೆಕ್ಕೆಯ ಬುಡದಲ್ಲಿ ಎರಡು ಬಿಳಿ ಮುಚ್ಚಳ, ನಿಂಗರಾಜ ಹೇಳಿದ ಗುಂಡಿಗಳು ಅದರ ಕೆಳಗೆ ಇರಬೇಕು. ಭೂತಗನ್ನಡಿ ಹಿಡಿದು ಎಷ್ಟು ಹುಡುಕಿದರೂ ಅದಕ್ಕೆ ಬಾಯಿ ಕಾಣಲಿಲ್ಲ. ಆಗ ನೆನಪಾಯಿತು: ಈ ಬೆಡಗಿನಲ್ಲಿ ಕೆಲವಕ್ಕೆ ಹೂವಿನ ಒಳಗೆ ಇಳಿಸಲು ಉದ್ದನೆಯ ಸೊಂಡಿಲು, ಕೆಲವಕ್ಕೆ ಬಾಯಿಯೇ ಇಲ್ಲ, ಇವು ಜೇಡನಲ್ಲಿ ಉಂಡದ್ದರ ಮೇಲೇ ನಾಲ್ಕಾರು ದಿನ ಬಾಳಿ ಹೋಗುತ್ತವೆ ಎಂದು ಅವನು ಹೇಳಿದ್ದ. ಉಪವಾಸ ಇದ್ದದ್ದು ಇದಕ್ಕೆ ಎಂದುಕೊಂಡಳು. ಬಾಯಿಲ್ಲದ್ದು, ಮನೆಯಿಲ್ಲದ್ದು, ಇಷ್ಟು ಕಣ್ಣು ಮಾತ್ರ ಇಟ್ಟುಕೊಂಡು ಹುಟ್ಟಿಬಂದದ್ದು ಏನು ನೋಡಲಿಕ್ಕೆ?

ಆ ದಿನ ಅವಳು ಜಗಲಿಯ ಮುಂದಿನಿಂದ ಹೆಚ್ಚು ದೂರ ಹೋಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನೊಣ ಮೆಲ್ಲಗೆ ಒಣಕಡ್ಡಿಯನ್ನು ಏರಿತು. ಹೊಟ್ಟೆಯ ತುದಿಯನ್ನು ಕಡ್ಡಿಗೆ ಮುಟ್ಟಿಸಿತು, ತೆಗೆಯಿತು. ಕಡ್ಡಿಯ ಮೇಲೆ ಏನೂ ಇರಲಿಲ್ಲ. ಮತ್ತೆ ಸ್ವಲ್ಪ ಮೇಲೇರಿ ಮತ್ತೆ ಮುಟ್ಟಿಸಿತು. ಮುಸುರೆಯ ಪಾತ್ರೆ ತೊಳೆಯದೆ ಬಿದ್ದಿವೆ ಎಂದು ಬಾಯವ್ವ ಒದರಿದಳು. ಸೊಸೆಗೆ ಕೇಳಿಸಲಿಲ್ಲ.

ನಿಂಗರಾಜ ಅಂದು ಎಂದಿನ ಬಸ್ಸಿಗಿಂತ ಮೊದಲೇ ಬಂದ. ಬಾಯವ್ವ ಮಠದಲ್ಲಿ ಜಾಗ ಹಿಡಿಯಲು ಹೋಗಿಯಾಗಿತ್ತು; ಬಸವಣ್ಣೆಪ್ಪ ಹೊಲದಿಂದ ಇನ್ನೂ ಬಂದಿರಲಿಲ್ಲ. ನಿಂಗರಾಜ ಬಾಗಿಲಲ್ಲೇ ನಿಂತು, ಮೈತೊಳೆದಿರದ ಕಾರಣ ಒಳಗೆ ಬಾರದೆ, ದೂರದಿಂದಲೇ ಕತ್ತು ಚಾಚಿದ. ಸಾವಂತ್ರೆವ್ವ ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದು ತೋರಿಸಿದಳು. ಅವನ ಮುಖದ ಮೇಲೆ ಏನೇನು ಹಾದುಹೋಯಿತೆಂದು ಅವಳಿಗೆ ಹೇಳಲಾಗದು. ಅವನು ಹೊಸ್ತಿಲ ಮೇಲೆ ಕುಳಿತುಬಿಟ್ಟ, ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ನಕ್ಕ.

ಆಮೇಲೆ ಅವಸರದಿಂದ ಹೇಳಿದ. ಮಧ್ಯಾಹ್ನ ಕಾಲೇಜಿಗೆ ಗುರುಗಳ ಫೋನು ಬಂದಿತ್ತು. ಈ ಬೆಡಗಿನ ನೊಣಗಳನ್ನು ಗುರುತು ಹಿಡಿಯಬಲ್ಲ ಕಲಕತ್ತೆಯ ಪಂಡಿತರೊಬ್ಬರು ಧಾರವಾಡಕ್ಕೆ ಬಂದಿದ್ದಾರೆ, ನಾಳೆಯೇ ಮಧ್ಯಾಹ್ನದ ರೈಲಿಗೆ ಹೊರಡುತ್ತಾರೆ. ಮುಂಜಾನೆಯ ಮೊದಲ ಬಸ್ಸು ಹಿಡಿದು ಸವದತ್ತಿಯ ಮೇಲೆ ಹೋದರೆ ಮುಟ್ಟಬಹುದು. ಈಗಲೇ ಕೊಂದು, ಮೈ ಮೆತ್ತಗಿರುವಾಗಲೇ ರೆಕ್ಕೆ ಬಿಡಿಸಿ ಸೂಜಿಗೆ ಕೂಡಿಸಬೇಕು. ತಾನಾಗಿ ಸತ್ತದ್ದು ಹೊಟ್ಟೆ ಸುಕ್ಕಾಗಿ, ರೆಕ್ಕೆ ಹರಿದು, ಬಣ್ಣ ಹೋಗಿ ಗುರುತಿಗೆ ಬಾರದು. ಹುಳ ಕೊಲ್ಲುವ ಔಷಧಿ ಹನಿಸಿದ ಅರಳೆಯ ಸಣ್ಣ ಶೀಶೆ ಆಗಲೇ ಅವನ ಕೈಯಲ್ಲಿತ್ತು.

"ತಾ ವೈನಿ, ಬಾಟ್ಲಿ ಕೊಡು."

ಸಾವಂತ್ರೆವ್ವ ಕೊಡಲಿಲ್ಲ, ಜಗಲಿಗೆ ಮರಳಿ ಇಡಲೂ ಇಲ್ಲ. ಬಾಟಲಿ ಹಿಡಿದುಕೊಂಡೇ ಕೇಳಿದಳು, ಇದು ಹೆಣ್ಣೋ ಗಂಡೋ ಎಂದು. ಹೊಟ್ಟೆ ನೋಡಿದರೆ ಹೆಣ್ಣು, ತತ್ತಿ ತುಂಬಿವೆ ಎಂದ. ಹಾಗಾದರೆ ಇಡುತ್ತದೇನು ಎಂದಳು. ಇಟ್ಟರೂ ಇಡಬಹುದು ಎಂದ. ಗಂಡಿಲ್ಲದ ತತ್ತಿಯಿಂದ ಮರಿ ಬರುತ್ತದೇನು ಎಂದಳು. ಅದು ಗೊತ್ತಿಲ್ಲ ಎಂದ. ಬಂದರೆ ಆ ಬಾಲದ ಮೇಲೆ ನಿಲ್ಲುವುದು, ಹಾರಿ ಕಾಲು ಹಿಡಿಯುವುದು, ನಮ್ಮ ಕಡೆಯದೂ ಹಾಗೇ ಮಾಡುತ್ತದೇನು ಎಂದಳು. ಅದೂ ಗೊತ್ತಿಲ್ಲ.

"ಹೆಸರ ಮೊದಲ ಆಗ್ಲಿ, ವೈನಿ. ಉಳಿದದ್ದ ಆಮ್ಯಾಲ ನೋಡೂಣು."

"ಯಾವುದರಾಗ ನೋಡ್ತಿ? ಸೂಜಿಗೆ ಚುಚ್ಚಿದ್ದು ತತ್ತಿ ಇಡ್ತೈತೇನು?"

ಅವನಿಗೆ ಆಗ ಅರ್ಥವಾದಂತಾಯಿತು. ನೇಮದ ಮಾತು ಎಂದುಕೊಂಡ. ಈ ಮನೆಯಲ್ಲಿ ಕೊಲ್ಲುವುದಿಲ್ಲ, ಊರ ಹೊರಗಿನ ಹಳ್ಳ ದಾಟಿ ಅಲ್ಲಿ ಕೆಲಸ ಮುಗಿಸುತ್ತೇನೆ, ಅವ್ವನಿಗೆ ಹಾರಿಹೋಯಿತೆಂದು ಹೇಳಿದರಾಯಿತು, ಪಾಪ ಬಂದರೆ ಅದು ನನ್ನ ತಲೆಯ ಮೇಲಿರಲಿ ಎಂದ.

"ನೇಮದ್ದಲ್ಲೋ ನಿಂಗು" ಎಂದಳು ಸಾವಂತ್ರೆವ್ವ. "ನೇಮದ್ದಾಗಿದ್ರ ಅತ್ತಿ ಹೆಸರ ಹೇಳಿ ಕೈ ತೊಳಕೋತಿದ್ದೆ. ನನಗ ನೋಡಬೇಕಾಗೇತಿ. ಪದ್ಯ ಓದಿ ಅರ್ಥ ಹೇಳದ ಎದ್ದ ಹೋಗು ಅಂದಂಗ ಆಗತೈತಿ ಇದು."

ಅವನು ಸಿಟ್ಟಾದ. ಇಷ್ಟು ವರ್ಷ ಕಾಲುವೆಯ ಕೆಸರಿನಲ್ಲಿ ಹೊರಳಾಡಿದ್ದು ನಾನು, ನಗೆಗೀಡಾದದ್ದು ನಾನು ಎಂದ. ಅದು ಸುಳ್ಳಲ್ಲವೆಂದು ಅವಳಿಗೂ ಗೊತ್ತಿತ್ತು. ಮೂರನೇ ಇಯತ್ತೆಯ ಹುಡುಗ ಇದ್ದಾಗಿನಿಂದ ಅವನಿಗೆ ತಲೆಗೆ ಎಣ್ಣೆ ಹಚ್ಚಿ ಸಾಲೆಗೆ ಕಳಿಸಿದವಳು ಅವಳು. ಬೇಡಿದ್ದನ್ನು ಕೊಡದೆ ಇದ್ದದ್ದು ನೆನಪಿಲ್ಲ. ಬಾಟಲಿಯೊಳಗೆ ನೊಣ ಕಡ್ಡಿಯ ಮೇಲೆ ಇನ್ನೊಂದು ಹೆಜ್ಜೆ ಏರಿ, ಹೊಟ್ಟೆಯ ತುದಿ ಮುಟ್ಟಿಸಿ ನಿಂತಿತ್ತು.

"ಇಂಥದು ಮತ್ತೊಂದು ಸಿಗೂದಿಲ್ಲ, ವೈನಿ. ನನ್ನ ಜಲ್ಮದಾಗ ಸಿಗೂದಿಲ್ಲ."

"ಅದಕ್ಕ."

ಮಠದ ಕಡೆಯಿಂದ ಪೇಟಿಯ ದನಿ ಬಂತು. ನಿಂಗರಾಜ ಶೀಶೆಯನ್ನು ಹೊಸ್ತಿಲ ಮೇಲೆ ಇಟ್ಟ. ಎದ್ದುನಿಂತು, ಪರರ ಮನೆಯ ಹೆಣ್ಣುಮಗಳ ಮುಂದೆ ಬೇಡುವವನ ಹಾಗೆ ಎರಡೂ ಕೈ ಮುಂದೆ ಚಾಚಿದ.

"ಕೊಡ್ರಿ, ವೈನಿ. ನಿಮ್ಮ ಕಾಲ ಬೀಳ್ತೇನಿ, ಕೊಡ್ರಿ."

"ಕೊಡಂಗಿಲ್ಲ" ಎಂದಳು ಸಾವಂತ್ರೆವ್ವ.